ದಾವಣಗೆರೆಯಿಂದ ಅಪ್ಸರಕೊಂಡಕ್ಕೆ: ಈ ಸಲ ಜೋಗ ಬಿಟ್ಟುಬಿಡಿ

ನಮ್ಮ ಕಡೆಯವರು ಸಮುದ್ರ ನೋಡಲು ಹೊರಟರೆ ಸಿಗಂದೂರು, ಜೋಗ, ಇಡಗುಂಜಿ, ಮುರುಡೇಶ್ವರ, ಗೋಕರ್ಣ ಎಲ್ಲವೂ ಒಂದೇ ಸಲಕ್ಕೆ ಮುಗಿಯಬೇಕು. ಗಾಡಿ ಬಾಡಿಗೆ ಕೊಟ್ಟಿದ್ದೇವಲ್ಲ, ವಸೂಲಾಗಬೇಕು ಅನ್ನುವ ಲೆಕ್ಕ. ಹಾಗೆ ಹೋದರೆ ಹತ್ತುವುದು ಇಳಿಯುವುದರಲ್ಲೇ ಹೊತ್ತು ಮುಗಿಯುತ್ತದೆ. ಜನವರಿಯಲ್ಲಿ ನಾವು ಹೊನ್ನಾವರದ ಹತ್ತಿರದ ಅಪ್ಸರಕೊಂಡ, ಅದರ ಸುತ್ತಮುತ್ತ ಬಿಟ್ಟು ಬೇರೇನೂ ಇಟ್ಟುಕೊಳ್ಳಲಿಲ್ಲ. "ಜೋಗದ ಪಕ್ಕದಲ್ಲೇ ಹಾದು ಹೋಗ್ತೀವಿ, ನೋಡದೇ ಬರೋದಾ?" ಅಂತ ನಮ್ಮ ಮಾವ ಒಂದೆರಡು ಸಲ ಕೇಳಿದರು. "ಮಾವ, ಈಗ ಅಲ್ಲಿ ಬಂಡೆನೇ ಜಾಸ್ತಿ, ನೀರು ಕಡಿಮೆ. ಮಳೆಗಾಲದಲ್ಲಿ ಬರೋಣ" ಅಂದೆ. ಒಪ್ಪಿದರು.

ಹೋಗಲು ಎರಡು ದಾರಿ ಇವೆ. ಒಂದು ಹರಿಹರ, ಹೊನ್ನಾಳಿ, ಶಿವಮೊಗ್ಗ, ಸಾಗರ ದಾಟಿ ಗೇರುಸೊಪ್ಪೆ ಘಟ್ಟ ಇಳಿಯುವುದು. ಇನ್ನೊಂದು ಹಾವೇರಿ, ಶಿರಸಿ ಮೇಲೆ ದೇವಿಮನೆ ಘಟ್ಟ ಇಳಿದು ಕುಮಟಾ ಸೇರಿ, ಅಲ್ಲಿಂದ ಹೊನ್ನಾವರಕ್ಕೆ ಬರುವುದು. ಯಾವುದರಲ್ಲಿ ಹೋದರೂ 230ರಿಂದ 260 ಕಿ.ಮೀ. ಒಳಗೆ. ದೇವಿಮನೆ ಘಟ್ಟ ರಸ್ತೆ ಅಗಲೀಕರಣಕ್ಕೆಂದು ಹಿಂದೆ ಬಂದ್ ಆಗಿದ್ದುಂಟು. ಆ ಕಡೆಯಿಂದ ಹೋಗುವವರು ಹೊರಡುವ ಮೊದಲು ವಿಚಾರಿಸಿಕೊಳ್ಳಿ. ಬಸ್ಸಿನವರಿಗೆ ಶಿವಮೊಗ್ಗದಲ್ಲಿ ಬದಲಿಸುವುದು ಸಲೀಸು. ರೈಲಿನ ಆಸೆ ಬೇಡ, ಈ ಕಡೆಯ ಹಳಿ ತಾಳಗುಪ್ಪಕ್ಕೇ ಮುಗಿಯುತ್ತದೆ, ಘಟ್ಟ ಇಳಿಯುವುದಿಲ್ಲ.

ನಾನು ಹೇಳುವುದು ಇಷ್ಟು. ಶನಿವಾರ ಬೆಳಗಿನ ಜಾವ 4 ಗಂಟೆಗೆಲ್ಲ ಹೊರಡಿ. ನಡುವೆ ಟೀಗೆ ನಿಲ್ಲಿಸಿಕೊಂಡು ಹೋದರೂ ಹತ್ತೂವರೆ, ಹನ್ನೊಂದಕ್ಕೆ ಹೊನ್ನಾವರ. ರಾತ್ರಿ ಅಲ್ಲೇ ತಂಗಿ, ಭಾನುವಾರ ಬೆಳಕಲ್ಲಿ ಘಟ್ಟ ಹತ್ತಿ. ಒಂದೇ ದಿನಕ್ಕೆ ಹೋಗಿ ಬರುವ ಹುಮ್ಮಸ್ಸಿದ್ದರೆ ಡ್ರೈವರ್ ಇಬ್ಬರಿರಲಿ. ಗೇರುಸೊಪ್ಪೆ ಘಟ್ಟದಲ್ಲಿ ತಿರುವಿನ ಮೇಲೆ ತಿರುವು. ನಿದ್ದೆಗಣ್ಣಲ್ಲಿ ಓಡಿಸುವ ರಸ್ತೆಯಲ್ಲ ಅದು. ಹೊಟ್ಟೆ ತೊಳೆಸುವವರು ಸಾಗರದಲ್ಲಿ ಎರಡು ಇಡ್ಲಿಗೆ ನಿಲ್ಲಿಸಿ. ಬೆಣ್ಣೆ ದೋಸೆ ಪ್ರೀತಿ ಊರಿಗೆ ವಾಪಸ್ ಬಂದ ಮೇಲೆ ತೋರಿಸಿದರಾಯಿತು. ಘಟ್ಟದಲ್ಲಿ ಕೋತಿಗಳು ರಸ್ತೆ ಬದಿ ಕಾಯುತ್ತಾ ಕೂತಿರುತ್ತವೆ. ಮಕ್ಕಳ ಕೈಗೆ ಬಿಸ್ಕತ್ತು ಕೊಟ್ಟು ಎಸೆಸಬೇಡಿ, ಗಾಡಿಗಳ ಕೆಳಗೆ ಸಾಯುವುದು ಆ ಆಸೆಗೇ.

ಹೊನ್ನಾವರದಿಂದ ಶರಾವತಿ ಸೇತುವೆ ದಾಟಿ ಭಟ್ಕಳದ ಕಡೆ ಹೋದರೆ ಮೊದಲು ಕಾಸರಕೋಡು, ಆಮೇಲೆ ಅಪ್ಸರಕೊಂಡದ ತಿರುವು. ಊರಿಂದ 8 ಕಿ.ಮೀ. ಆಸುಪಾಸು. ಸಮುದ್ರದ ಪಕ್ಕದಲ್ಲೇ ಎದ್ದ ಗುಡ್ಡ. ಮೇಲೆ ಅರಣ್ಯ ಇಲಾಖೆಯ ಉದ್ಯಾನ, ಕೆಳಗೆ ಮೆಟ್ಟಿಲಿಳಿದರೆ ಸಣ್ಣ ಜಲಪಾತ, ಪಕ್ಕದಲ್ಲಿ ಪಾಂಡವರ ಗುಹೆ ಅನ್ನುವ ಗವಿಗಳು. ಇಲ್ಲಿನ ಕರಾವಳಿ ಮತ್ತು ಅದರ ಮುಂದಿನ ಸಮುದ್ರ ಸೇರಿಸಿ ಅಪ್ಸರಕೊಂಡ–ಮುಗಳಿ ಸಾಗರ ವನ್ಯಜೀವಿಧಾಮ ಮಾಡಿದ್ದಾರೆ, ರಾಜ್ಯದಲ್ಲಿ ಮೊದಲನೆಯದು. ನೆಲಕ್ಕಷ್ಟೇ ಅಲ್ಲ, ನೀರಿಗೂ ರಕ್ಷಣೆ.

ಜಲಪಾತದ ಬಗ್ಗೆ ಒಂದು ಮಾತು. ಫೋಟೊ ನೋಡಿ ಜೋಗದ ತಮ್ಮ ಅಂದುಕೊಂಡು ಹೋಗಬೇಡಿ. ಮಳೆಗಾಲ ಮುಗಿದು ಡಿಸೆಂಬರ್‌ವರೆಗೆ ಚೆನ್ನಾಗಿರುತ್ತದೆ. ಜನವರಿಯಲ್ಲಿ ನಮಗೆ ಸಿಕ್ಕಿದ್ದು ಸಣ್ಣ ಧಾರೆ. ಆದರೂ ಕೆಳಗಿಳಿದರೆ ತಂಪು, ಸಮುದ್ರದ ಸದ್ದೂ ಅಲ್ಲಿಗೆ ಕೇಳುವುದಿಲ್ಲ. ಮೆಟ್ಟಿಲಲ್ಲಿ ಪಾಚಿ ಇರುತ್ತದೆ, ಹವಾಯಿ ಚಪ್ಪಲಿ ಸಾಲದು. ಮೊಣಕಾಲು ನೋವಿನ ಹಿರಿಯರು ಮೇಲೆಯೇ ಕೂರಲಿ. ನಮ್ಮ ಅತ್ತೆ ಉದ್ಯಾನದ ನೆರಳಲ್ಲಿ ಕೂತು, ಕೆಳಗೆ ಹೋದವರಿಗಿಂತ ಜಾಸ್ತಿ ಸಮುದ್ರ ನೋಡಿದರು.

ಬಿಸಿಲಿನ ವಿಷಯ ಬೇರೆ. ನಮ್ಮ ಬಿಸಿಲು ಒಣ ಬಿಸಿಲು, ನೆರಳಿಗೆ ಬಂದರೆ ಹಾಯೆನಿಸುತ್ತದೆ. ಅಲ್ಲಿ ನೆರಳಲ್ಲೂ ಬೆವರು ಇಳಿಯುತ್ತಲೇ ಇರುತ್ತದೆ. ನೆಲ ಕಾದ ಮೇಲೆ ಸಮುದ್ರದ ಗಾಳಿ ಬೀಸಲು ಶುರುವಾಗುತ್ತದೆ, ಆಗ ಗುಡ್ಡದ ಮೇಲೆ ನಿಲ್ಲಬಹುದು. ನೀರು ಧಾರಾಳ ಇಟ್ಟುಕೊಳ್ಳಿ. ಊರಿಂದ ಮಂಡಕ್ಕಿ ಕಟ್ಟಿಕೊಂಡು ಹೋಗುವವರು ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಒಯ್ಯಿರಿ. ಪೊಟ್ಟಣ ಬಿಚ್ಚಿ ಈರುಳ್ಳಿ ಹೆಚ್ಚುವಷ್ಟರಲ್ಲಿ ಆ ಗಾಳಿಗೆ ಮಂಡಕ್ಕಿ ಮೆತ್ತಗಾಗಿ ಹಲ್ಲಿಗೆ ಅಂಟುತ್ತದೆ. ಮಧ್ಯಾಹ್ನದ ಊಟಕ್ಕೆ ಹೊನ್ನಾವರಕ್ಕೆ ವಾಪಸ್ ಹೋಗಿ. ಮೀನಿನ ಊಟವೂ ಸಿಗುತ್ತದೆ, ಸಸ್ಯಾಹಾರವೂ ಸಿಗುತ್ತದೆ. ರೊಟ್ಟಿ ಇಲ್ಲದೆ ಆಗದವರು ಮನೆಯಿಂದಲೇ ಒಯ್ಯುವುದು ಒಳ್ಳೆಯದು.

ನನಗೆ ಎಲ್ಲಕ್ಕಿಂತ ಇಷ್ಟವಾಗಿದ್ದು ಗುಡ್ಡವೂ ಅಲ್ಲ, ಬೀಚೂ ಅಲ್ಲ, ಶರಾವತಿ ಅಳಿವೆಯ ಕಾಂಡ್ಲಾ ಕಾಡು, ಅಂದರೆ ಉಪ್ಪುನೀರಿನ ಕೆಸರಲ್ಲಿ ಬೆಳೆಯುವ ಮ್ಯಾಂಗ್ರೋವ್. ಅದರೊಳಗೆ ಮರದ ಹಲಗೆಯ ಕಾಲುದಾರಿ ಮಾಡಿದ್ದಾರೆ. ಆದರೆ ಯಾವ ಹೊತ್ತಲ್ಲಿ ಹೋಗುತ್ತೀರಿ ಅನ್ನುವುದು ಮುಖ್ಯ. ಬಯಲುಸೀಮೆಯ ನಮಗೆ ಕೆರೆ ನೀರು ಮಳೆಗೆ ಏರುತ್ತದೆ, ಬಿಸಿಲಿಗೆ ಇಳಿಯುತ್ತದೆ ಅಂತಷ್ಟೇ ಗೊತ್ತು. ಅಲ್ಲಿ ಸುಮಾರು ಆರಾರು ಗಂಟೆಗೊಮ್ಮೆ ಭರತ, ಇಳಿತ. ದಿನದಿಂದ ದಿನಕ್ಕೆ ಹೆಚ್ಚುಕಮ್ಮಿ 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆ ಆಸುಪಾಸಿನಲ್ಲಿ ಏರಿಳಿತ ಜೋರು. ಭರತದಲ್ಲಿ ಹೋದರೆ ಹಸಿರು ಎಲೆ, ನೀರು, ಅಷ್ಟೇ. ಇಳಿತದಲ್ಲಿ ಕೆಸರು ತೆರೆದುಕೊಳ್ಳುತ್ತದೆ. ಸೀಸದಕಡ್ಡಿ ನೆಟ್ಟ ಹಾಗೆ ನೆಲದ ತುಂಬ ಉಸಿರಾಡುವ ಬೇರುಗಳು. ಆ ಕೆಸರಿನೊಳಗೆ ಗಾಳಿ ಸಿಗುವುದಿಲ್ಲ, ಅದಕ್ಕೇ ಬೇರು ಮೇಲೆ ಬರುತ್ತದೆ. ಬೇರಿನ ನಡುವೆ ಒಂದು ಕೊಂಡಿ ಮಾತ್ರ ದೊಡ್ಡದಿರುವ ಪುಟ್ಟ ಏಡಿಗಳು. ಗಂಡೇಡಿ ಆ ಕೊಂಡಿಯನ್ನು ಎತ್ತಿ ಎತ್ತಿ ಬೀಸುತ್ತದೆ, ನೀವು ಜೋರಾಗಿ ಹೆಜ್ಜೆ ಇಟ್ಟರೆ ಎಲ್ಲ ಒಟ್ಟಿಗೆ ಬಿಲಕ್ಕೆ. ಸುಮ್ನೆ ಎರಡು ನಿಮಿಷ ನಿಲ್ಲಿ, ಒಂದೊಂದಾಗಿ ಹೊರಗೆ ಬರುತ್ತವೆ. ಇಳಿತದ ಹೊತ್ತು ಫೋನಿನಲ್ಲಿ ನೋಡಬಹುದು. ಇಲ್ಲದಿದ್ದರೆ ದೋಣಿಯವರನ್ನು ಕೇಳಿ, ತಕ್ಷಣ ಹೇಳುತ್ತಾರೆ.

ನೀರಿಗಿಳಿಯುವ ಆಸೆ ಇದ್ದರೆ ಕಾಸರಕೋಡು ಬೀಚ್. ಸ್ವಚ್ಛ, ಸುರಕ್ಷಿತ ಬೀಚುಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ 2020ರಲ್ಲಿ ಸಿಕ್ಕ ದೇಶದ 8 ಬೀಚುಗಳಲ್ಲಿ ಅದೂ ಒಂದು. ಶೌಚಾಲಯ, ಸ್ನಾನದ ವ್ಯವಸ್ಥೆ, ಜೀವರಕ್ಷಕರು ಇದ್ದಾರೆ. ಹೆಂಗಸರು, ಮಕ್ಕಳಿರುವ ಗುಂಪಿಗೆ ಇದೇ ಸರಿ. ಗುರುತು ಹಾಕಿದ ಜಾಗದಲ್ಲಷ್ಟೇ ಇಳಿಯಿರಿ. ಭದ್ರಾ ನಾಲೆಯಲ್ಲಿ ಈಜು ಕಲಿತವರ ಧೈರ್ಯ ಇಲ್ಲಿ ಕೆಲಸಕ್ಕೆ ಬರುವುದಿಲ್ಲ, ವಾಪಸ್ ಹೋಗುವ ಅಲೆ ಕಾಲಡಿಯ ಮರಳನ್ನೇ ಎಳೆದುಕೊಳ್ಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರಿನ ತಂಟೆಯೇ ಬೇಡ. ಚಳಿಗಾಲದಲ್ಲಿ ಕಾಸರಕೋಡಿನ ಟೊಂಕ ಅನ್ನುವ ಜಾಗದ ಕಡೆ ಮರಳಲ್ಲಿ ಬೇಲಿ ಕಟ್ಟಿದ ಜಾಗ ಕಂಡರೆ ದೂರ ನಿಲ್ಲಿ. ಕಡಲಾಮೆ ಮೊಟ್ಟೆ ಇಟ್ಟಿರುತ್ತದೆ.

ಸೂರ್ಯ ಮುಳುಗುವುದನ್ನು ನೋಡಲು ಮತ್ತೆ ಗುಡ್ಡಕ್ಕೆ ಬನ್ನಿ. ಡಿಸೆಂಬರ್, ಜನವರಿಯಲ್ಲಿ ಆರು ಗಂಟೆ ಕಳೆದು ಸ್ವಲ್ಪ ಹೊತ್ತಿಗೇ ಮುಳುಗುತ್ತದೆ, ಐದೂವರೆಗೆ ಮೇಲಿದ್ದರೆ ಜಾಗ ಸಿಗುತ್ತದೆ. ಗೇಟು ಎಷ್ಟು ಹೊತ್ತಿಗೆ ಹಾಕುತ್ತೀರಿ ಅಂತ ಬೆಳಗ್ಗೆ ಟಿಕೆಟ್ ತೆಗೆಸುವಾಗಲೇ ಕೇಳಿಟ್ಟುಕೊಳ್ಳಿ. ರೂಮನ್ನು ಮೊದಲೇ ಬುಕ್ ಮಾಡಿ. ಶನಿವಾರ ಮುರುಡೇಶ್ವರಕ್ಕೆ ಬಂದವರೆಲ್ಲ ರಾತ್ರಿ ಹೊನ್ನಾವರದಲ್ಲೇ ರೂಮು ಹುಡುಕುತ್ತಿರುತ್ತಾರೆ. ಡೀಸೆಲ್ ಅಲ್ಲೇ ಹಾಕಿಸಿಕೊಂಡು ಘಟ್ಟ ಹತ್ತಿ, ಮೇಲೆ ಕೆಲವು ಕಡೆ ಫೋನೂ ಸಿಗುವುದಿಲ್ಲ.