ಗಾಡಿ ಮಿಸ್ ಹೊಡೆದರೆ ಮೊದಲು ಕೇಳಬೇಕಾದ್ದು "ಯಾವಾಗ?"

ಮೈಸೂರಿನ ನಮ್ಮ ಗ್ಯಾರೇಜಿಗೆ ಬರುವುದು ಹಳೇ ಗಾಡಿಗಳೇ ಹೆಚ್ಚು. ಕಾರ್ಬೊರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಕೊಡುವ ಭಾಗ) ಕಾಲದ ಮಾರುತಿ 800, ಓಮ್ನಿ, ಆಗೊಮ್ಮೆ ಈಗೊಮ್ಮೆ ಒಂದು ಪದ್ಮಿನಿ. ಮಾಲೀಕರ ದೂರು ಹೆಚ್ಚೂಕಮ್ಮಿ ಒಂದೇ: "ಮಿಸ್ ಹೊಡೀತಿದೆ, ಪಿಕಪ್ ಇಲ್ಲ." ಅಂದರೆ ಇಂಜಿನ್ ತಡವರಿಸುತ್ತಿದೆ, ಬಲ ಸಾಲದು. ಅಷ್ಟು ಕೇಳಿಸಿಕೊಂಡು ಕಿಡಿ ಹಾರಿಸುವ ಪ್ಲಗ್ ಬಿಚ್ಚಲು ಹೊರಡುವ ಹುಡುಗರನ್ನು ನಾನು ತಡೆಯುತ್ತೇನೆ. ಯಾವಾಗ ಮಿಸ್ ಹೊಡೆಯುತ್ತದೆ? ಬೆಳಿಗ್ಗೆ ತಣ್ಣಗಿದ್ದಾಗಲೋ, ಬಿಸಿಯಾದ ಮೇಲೋ? ನಿಂತಲ್ಲೋ, ದಿಣ್ಣೆ ಹತ್ತುವಾಗಲೋ? ಮಳೆ ಬಂದಾಗ ಮಾತ್ರವೋ? ಇದಕ್ಕೆ ಸರಿಯಾದ ಉತ್ತರ ಸಿಕ್ಕರೆ ಅರ್ಧ ಕೆಲಸ ಆದಂತೆ.

ಇತ್ತೀಚೆಗೆ ಬಂದ ಒಂದು 800ರ ಕಥೆ ಹೇಳುತ್ತೇನೆ. ಮಾಲೀಕರು ನಿವೃತ್ತ ಮೇಷ್ಟ್ರು. ಬೇರೆ ಕಡೆ ಪ್ಲಗ್, ಕಿಡಿಗೆ ಬೇಕಾದ ವೋಲ್ಟೇಜ್ ಹುಟ್ಟಿಸುವ ಕಾಯಿಲ್, ಅದನ್ನು ಪ್ಲಗ್ಗಿಗೆ ಒಯ್ಯುವ ಹೈಟೆನ್ಷನ್ ವೈರ್ ಎಲ್ಲ ಹೊಸದು ಹಾಕಿಸಿ, ಕಾರ್ಬೊರೇಟರನ್ನೂ ತೊಳೆಸಿದ್ದರು. ಊರೊಳಗೆ ಗಾಡಿ ಚೆನ್ನಾಗಿಯೇ ಓಡುತ್ತದೆ, ಚಾಮುಂಡಿ ಬೆಟ್ಟ ಹತ್ತುವಾಗ ಮಾತ್ರ ಸುಸ್ತಾಗುತ್ತದೆ ಎಂದರು. ಜೊತೆಗೇ ಹೊರಟೆ. ತಿರುವುಗಳು ಶುರುವಾದ ಮೇಲೆ ಆಕ್ಸಲರೇಟರ್ ಒತ್ತಿದರೂ ಶಕ್ತಿ ಮೆಲ್ಲಗೆ ಇಳಿಯುತ್ತಾ ಬಂತು. ಕಾಲು ತೆಗೆದು ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಚೇತರಿಸಿಕೊಳ್ಳುತ್ತಿತ್ತು.

ಇಲ್ಲಿ ಗಮನಿಸಬೇಕಾದ್ದು ಆ "ಮೆಲ್ಲಗೆ". ಕಿಡಿ ತಪ್ಪಿದರೆ ಗಾಡಿ ಸಾಮಾನ್ಯವಾಗಿ ಜರ್ಕ್ ಹೊಡೆಯುತ್ತದೆ, ಯಾರೋ ಸ್ವಿಚ್ ಆರಿಸಿ ಮತ್ತೆ ಹಾಕಿದಂತೆ. ಮೂರೇ ಸಿಲಿಂಡರಿನ 796 ಸಿಸಿ ಇಂಜಿನ್, ಒಂದು ಕೈಕೊಟ್ಟರೂ ಸೀಟಿನಲ್ಲಿ ಕೂತವರಿಗೇ ಗೊತ್ತಾಗುತ್ತದೆ. ಪೆಟ್ರೋಲ್ ಸಾಲದೆ ಹೋದಾಗ ಹಾಗಲ್ಲ, ಬಲ ಕುಗ್ಗುತ್ತಾ ಹೋಗುತ್ತದೆ. ಏರಿನಲ್ಲಿ ಇಂಜಿನ್ನಿಗೆ ಪೆಟ್ರೋಲ್ ಹೆಚ್ಚು ಬೇಕು. ಕಾರ್ಬೊರೇಟರಿನ ಫ್ಲೋಟ್ ಬೌಲ್‌ನಲ್ಲಿ (ಪೆಟ್ರೋಲ್ ನಿಲ್ಲುವ ಪುಟ್ಟ ಬಟ್ಟಲು) ಇದ್ದದ್ದು ಖರ್ಚಾಗುವಷ್ಟು ಬೇಗ ಹಿಂದಿನಿಂದ ತುಂಬುತ್ತಿರಲಿಲ್ಲ. ಕಾಲು ತೆಗೆದಾಗ ಬೌಲ್ ಮತ್ತೆ ತುಂಬಿ ಇಂಜಿನ್ ಚೇತರಿಸಿಕೊಳ್ಳುತ್ತಿತ್ತು.

ಮೊದಲು ಪೆಟ್ರೋಲ್ ಮುಚ್ಚಳ ತೆಗೆದು ನೋಡಿದೆ. ಟ್ಯಾಂಕಿಗೆ ಗಾಳಿ ಹೋಗುವ ದಾರಿ ಕಟ್ಟಿದ್ದರೆ ಒಳಗೆ ನಿರ್ವಾತ ಉಂಟಾಗಿ ಇದೇ ಲಕ್ಷಣ ಬರುತ್ತದೆ, ಮುಚ್ಚಳ ತಿರುಗಿಸಿದಾಗ ಉಸ್ ಎಂದು ಗಾಳಿ ಒಳಗೆ ನುಗ್ಗುತ್ತದೆ. ಇಲ್ಲಿ ಆ ಸದ್ದಿರಲಿಲ್ಲ. ಆಮೇಲೆ ಬಾನೆಟ್ ಎತ್ತಿ, ಪಂಪಿಗೆ ಮುಂಚೆ ಇರುವ ಪಾರದರ್ಶಕ ಫಿಲ್ಟರ್ ನೋಡುತ್ತಾ ಹುಡುಗನಿಗೆ ರೇಸ್ ಮಾಡಲು ಹೇಳಿದೆ. ಪೆಟ್ರೋಲಿನ ಜೊತೆ ಸಣ್ಣ ಸಣ್ಣ ಗುಳ್ಳೆಗಳ ಸಾಲು ಬರುತ್ತಿತ್ತು.

ಟ್ಯಾಂಕಿನ ಹತ್ತಿರದ ರಬ್ಬರ್ ಪೈಪ್ ಗಟ್ಟಿಯಾಗಿ, ಕ್ಲಿಪ್ ಕೂತ ಜಾಗದಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಕೆಳಗೆ ಒಂದು ಹನಿಯೂ ಇಲ್ಲ, ವಾಸನೆಯೂ ಇಲ್ಲ. ಅದಕ್ಕೇ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಈ ಗಾಡಿಯಲ್ಲಿ ಮೆಕ್ಯಾನಿಕಲ್ ಪಂಪ್ ಇರುವುದು ಮುಂದೆ, ಇಂಜಿನ್ನಿನಲ್ಲಿ. ಟ್ಯಾಂಕಿನಿಂದ ಅಲ್ಲಿಯವರೆಗೆ ಪೆಟ್ರೋಲನ್ನು ಎಳೆದುಕೊಳ್ಳಬೇಕು. ಎಳೆಯುವ ಕಡೆ ಬಿರುಕಾದರೆ ಪೆಟ್ರೋಲ್ ಹೊರಗೆ ಬರುವ ಬದಲು ಗಾಳಿ ಒಳಗೆ ಹೋಗುತ್ತದೆ. ಪೈಪಿನ ತುಂಡು, ಎರಡು ಕ್ಲಿಪ್ ಹೊಸದು ಹಾಕಿದ ಮೇಲೆ ಗುಳ್ಳೆ ನಿಂತಿತು. ಮೇಷ್ಟ್ರು ತಾವೇ ಓಡಿಸಿಕೊಂಡು ದೇವಸ್ಥಾನದವರೆಗೂ ಹೋಗಿ ಬಂದರು. ಕಾಯಿಲ್‌ಗೆ ಸುರಿದ ದುಡ್ಡು ನೆನೆದು ನನಗೇ ಹೊಟ್ಟೆ ಉರಿಯಿತು.

ಹಾಗಂತ ಬೆಟ್ಟದಲ್ಲಿ ಮಿಸ್ ಹೊಡೆಯುವುದೆಲ್ಲ ಪೆಟ್ರೋಲಿನ ತೊಂದರೆ ಅಲ್ಲ. ಲೋಡ್ ಹೆಚ್ಚಿದಂತೆ ಸಿಲಿಂಡರಿನೊಳಗೆ ಒತ್ತಡ ಹೆಚ್ಚುತ್ತದೆ, ಪ್ಲಗ್ಗಿನ ಗ್ಯಾಪ್ ದಾಟಲು ಕಿಡಿಗೆ ಹೆಚ್ಚು ವೋಲ್ಟೇಜ್ ಬೇಕಾಗುತ್ತದೆ. ಐಡ್ಲಿಂಗಿನಲ್ಲಿ ಸರಿಯಿದ್ದ ವೈರಿನಿಂದ ಆಗ ಕರೆಂಟ್ ಸೋರುತ್ತದೆ. ಅನುಮಾನವಿದ್ದರೆ ಕತ್ತಲಲ್ಲಿ ಬಾನೆಟ್ ಎತ್ತಿ, ವೈರುಗಳ ಮೇಲೆ ತೆಳ್ಳಗೆ ನೀರು ಸಿಂಪಡಿಸಿ ದೂರ ನಿಂತು ನೋಡಿ, ಕೈ ಮಾತ್ರ ಹತ್ತಿರ ತರಬೇಡಿ. ಸೋರುವ ಕಡೆ ನೀಲಿ ಕಿಡಿ ಕಾಣುತ್ತದೆ.

ನಿಂತಲ್ಲೇ ತಡವರಿಸಿ, ಓಡುವಾಗ ಸರಿಹೋದರೆ ಇಂಟೇಕಿನಲ್ಲಿ ಎಲ್ಲೋ ಬೇಡದ ಗಾಳಿ ಎಳೆಯುತ್ತಿದೆ ಎಂದು, ಅಲ್ಲಿನ ನಿರ್ವಾತ ಅಳೆಯುವ ವ್ಯಾಕ್ಯೂಮ್ ಗೇಜ್ ಹಾಕುತ್ತೇನೆ. ಸಾವಿರ ಅಡಿ ಎತ್ತರಕ್ಕೆ ಗೇಜ್ ಸುಮಾರು 1 ಇಂಚು (ಪಾದರಸದ ಅಳತೆ) ಕಡಿಮೆ ತೋರುವುದು ಸಹಜ. ಮೈಸೂರು ಸುಮಾರು 2,500 ಅಡಿ ಎತ್ತರದಲ್ಲಿದೆ. ಮಂಗಳೂರಿನಲ್ಲಿ 19 ತೋರುವ ಇಂಜಿನ್ ಇಲ್ಲಿ 16-17 ತೋರಿದರೆ ಅದು ದೋಷವಲ್ಲ. ಆಕ್ಸಲರೇಟರ್ ಒತ್ತಿದ ಕ್ಷಣ ಮಾತ್ರ ಮುಗ್ಗರಿಸಿದರೆ ಏರ್ ಕ್ಲೀನರ್ ತೆಗೆದು, ಇಂಜಿನ್ ಆಫ್ ಇರುವಾಗಲೇ ಥ್ರಾಟಲ್ ಎಳೆದು ನೋಡಿ. ಕಾರ್ಬೊರೇಟರಿನೊಳಗಿನ ಆಕ್ಸಲರೇಟರ್ ಪಂಪ್ ಸರಿಯಿದ್ದರೆ ಪೆಟ್ರೋಲ್ ಪಿಚಕಾರಿಯಂತೆ ಹಾರಬೇಕು.

ಈಗ ಇನ್ನೊಂದು ವಿಷಯ ಸೇರಿಕೊಂಡಿದೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆಯಾದ ಇ20 ಪೆಟ್ರೋಲ್ ಈಗ ಎಲ್ಲೆಡೆ ಬಂದಿದೆ. ಅದರಲ್ಲಿನ 20% ಎಥನಾಲ್‌ನಲ್ಲಿ ತನ್ನದೇ ಆಮ್ಲಜನಕವಿದೆ, ಹಾಗಾಗಿ ಮಿಶ್ರಣ ಸ್ವಲ್ಪ ತೆಳುವಾಗುತ್ತದೆ, ಅಂದರೆ ಗಾಳಿಗೆ ಹೋಲಿಸಿದರೆ ಇಂಧನ ಕಡಿಮೆಯಾದಂತೆ. ಆಕ್ಸಿಜನ್ ಸೆನ್ಸರ್ ಇರುವ ಎಂಪಿಎಫ್‌ಐ (ಕಂಪ್ಯೂಟರ್ ಹಿಡಿತದಲ್ಲಿ ಇಂಜೆಕ್ಟರಿನಿಂದ ಪೆಟ್ರೋಲ್ ಚಿಮ್ಮಿಸುವ) ಗಾಡಿ ಅದನ್ನು ಸರಿದೂಗಿಸಿಕೊಳ್ಳುತ್ತದೆ, ಕಾರ್ಬೊರೇಟರಿಗೆ ಅದು ಸಾಧ್ಯವಿಲ್ಲ. ಹಳೇ ಕಾಲದ ರಬ್ಬರಿಗೂ ಎಥನಾಲ್ ಒಗ್ಗುವುದಿಲ್ಲ. ಕಾರ್ಬೊರೇಟರ್ ಗಾಡಿ ಇಟ್ಟುಕೊಂಡವರು ಟ್ಯಾಂಕಿನಿಂದ ಇಂಜಿನ್ನಿನವರೆಗಿನ ರಬ್ಬರ್ ಪೈಪುಗಳನ್ನೆಲ್ಲ ಒಮ್ಮೆ ಬದಲಿಸಿಬಿಡಿ. ಅಂಗಡಿಯಲ್ಲಿ ಎಥನಾಲ್ ತಡೆಯುವ ಪೈಪ್ ಎಂದೇ ಕೇಳಿ ತೆಗೆದುಕೊಳ್ಳಿ, ಕ್ಲಿಪ್ಪುಗಳನ್ನೂ ಹೊಸದೇ ಹಾಕಿಸಿ.