ಇದ್ದಲಿನ ಬೆಂಕಿಯ ಮುಂದೆ

ಹತ್ತು ವರ್ಷಗಳ ಹಿಂದಿನ ಮಳೆಗಾಲದಲ್ಲಿ, ಯಾಂತ್ರಿಕ ಮೀನುಗಾರಿಕೆ ನಿಂತು ಮಲ್ಪೆ ಬಂದರಿನ ತುಂಬ ಬೋಟುಗಳು ಒತ್ತೊತ್ತಾಗಿ ಕಟ್ಟಿಕೊಂಡಿದ್ದ ದಿನಗಳಲ್ಲಿ, ನನ್ನ ತಮ್ಮ ಸಾಲದ ಅರ್ಜಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಮನೆಗೆ ಬಂದಿದ್ದ. ಹಳೆಯ ಬೋಟೊಂದರಲ್ಲಿ ಪಾಲು ಕೊಳ್ಳುವ ಆಸೆ ಅವನದು. ಜಾಮೀನಿಗೆ ನನ್ನ ಸಹಿ ಬೇಕಾಗಿತ್ತು. ಡೀಸೆಲ್ ದರ, ಮೀನಿನ ಅಭಾವ, ತಿಂಗಳ ಕಂತು ಎಲ್ಲವನ್ನೂ ಕಾಗದದ ಮೇಲೆ ಕೂಡಿಸಿ ತೋರಿಸಿ ಆಗದು ಎಂದೆ. ಲೆಕ್ಕದಲ್ಲಿ ತಪ್ಪಿರಲಿಲ್ಲ. ಆದರೆ ಅವನು ಹೊರಡುವಾಗ, "ನಿನ್ನನ್ನು ನಂಬಿ ಯಾರು ಸಹಿ ಹಾಕುತ್ತಾರೆ" ಎಂದು ಅವನ ಪುಟ್ಟ ಮಗಳ ಎದುರಿಗೇ ಹೇಳಿದೆನಲ್ಲ, ಆ ಮಾತು ಲೆಕ್ಕಕ್ಕೆ ಬೇಕಿರಲಿಲ್ಲ. ಮೂರು ವರ್ಷ ಅವನು ನನ್ನ ಮನೆಯ ಮೆಟ್ಟಿಲು ಹತ್ತಲಿಲ್ಲ. ನಾಲ್ಕನೆಯ ವರ್ಷ ಕಾಮಾಲೆಯಲ್ಲಿ ತೀರಿಕೊಂಡ.

ಅಂದಿನಿಂದ ಪ್ರತಿ ಭಾನುವಾರದ ಪಾಪನಿವೇದನೆಯಲ್ಲಿ ಅದೊಂದನ್ನೇ ಹೇಳಿಕೊಂಡೆ. ದೇವರು ಕ್ಷಮಿಸಿದ್ದಾನೆಂಬ ನಂಬಿಕೆ ಇತ್ತು. ಆದರೆ ಕೊರಗನ್ನು ಬಿಟ್ಟರೆ ತಮ್ಮನನ್ನೇ ಬಿಟ್ಟಂತಾದೀತೆಂಬ ಹೆದರಿಕೆಯಿಂದ ಅದನ್ನು ಬಾಕಿ ತೀರಿಸಿದ ಹಾಗೆ ದಿನವೂ ಸಲ್ಲಿಸುತ್ತಿದ್ದೆ. ನಮ್ಮ ಪಾಪಗಳನ್ನು ದೇವರು ಸಮುದ್ರದ ಆಳಕ್ಕೆ ಬಿಸಾಡುವನೆಂದು ಪ್ರವಾದಿ ಮೀಕನ ಗ್ರಂಥದ 7ನೆಯ ಅಧ್ಯಾಯದಲ್ಲಿದೆ. (ನಮ್ಮ ಕಡಲು ಹಾಗಲ್ಲ, ಎಸೆದದ್ದನ್ನೆಲ್ಲ ಆಷಾಢದಲ್ಲಿ ದಡಕ್ಕೆ ತಂದು ಹಾಕುತ್ತದೆ. ನನ್ನ ಮನಸ್ಸೂ ಅದೇ ಜಾತಿಯದು.)

ಈ ವರ್ಷ ಈಸ್ಟರ್ ಕಳೆದ ಮೇಲೆ ಒಂದು ಭಾನುವಾರ ನಮ್ಮ ಚರ್ಚಿನ ಅಯ್ಯನವರು ಯೋಹಾನನ ಸುವಾರ್ತೆಯ 21ನೆಯ ಅಧ್ಯಾಯವನ್ನು ಓದಿದರು. ರಾತ್ರಿಯೆಲ್ಲ ಬಲೆ ಬೀಸಿಯೂ ಏನೂ ಸಿಕ್ಕದ ಏಳು ಮಂದಿ ಶಿಷ್ಯರು, ಬೆಳಗಿನಲ್ಲಿ 153 ದೊಡ್ಡ ಮೀನು, ದಡದಲ್ಲಿ ಇದ್ದಲಿನ ಬೆಂಕಿ, ಅದರ ಮೇಲೆ ಮೀನು, ಜೊತೆಗೆ ರೊಟ್ಟಿ. ಕಡಲ ಮಗ್ಗುಲಲ್ಲಿ ಹುಟ್ಟಿದ ನಮಗೆ ಈ ಚಿತ್ರವನ್ನು ಯಾರೂ ವಿವರಿಸಬೇಕಾಗಿಲ್ಲ. ನಾನು ಎಂದೂ ಗಮನಿಸದೆ ಹೋದದ್ದು ಬೇರೆ: ಇದ್ದಲಿನ ಬೆಂಕಿಗೆ ಗ್ರೀಕ್ ಮೂಲದಲ್ಲಿರುವ ಪದ ಇಡೀ ಹೊಸ ಒಡಂಬಡಿಕೆಯಲ್ಲಿ ಎರಡೇ ಕಡೆ ಬರುತ್ತದಂತೆ, ಇಲ್ಲಿ ಒಮ್ಮೆ, ಮತ್ತೊಮ್ಮೆ ಅದೇ ಸುವಾರ್ತೆಯ 18ನೆಯ ಅಧ್ಯಾಯದಲ್ಲಿ, ಮಹಾಯಾಜಕನ ಅಂಗಳದಲ್ಲಿ ಶಿಷ್ಯ ಪೇತ್ರನು ಚಳಿ ಕಾಯಿಸಿಕೊಳ್ಳುತ್ತ ತಾನು ಯೇಸುವಿನ ಶಿಷ್ಯನಲ್ಲವೆಂದ ಕಡೆ. ಆ ರಾತ್ರಿ ಅವನು ಹೀಗೆ ಮೂರು ಸಲ ಅಲ್ಲಗಳೆದಿದ್ದ. ಸತ್ತು ಮತ್ತೆ ಎದ್ದು ಬಂದ ಯೇಸು ಕಡಲ ದಡದಲ್ಲಿ ಆ ಬೆಂಕಿಯ ವಾಸನೆಯನ್ನು ಮರೆಸಲಿಲ್ಲ. ಅದರ ಎದುರಿಗೇ ಪೇತ್ರನನ್ನು ಕೂರಿಸಿ ಉಣಬಡಿಸಿದನು. ಏಕೆ ಹಾಗೆ ಮಾಡಿದೆ ಎಂದು ಒಮ್ಮೆಯೂ ಕೇಳಲಿಲ್ಲ. ನನ್ನನ್ನು ಪ್ರೀತಿಸುತ್ತೀಯಾ ಎಂದು ಮೂರು ಸಲ ಕೇಳಿ, ಮೂರು ಸಲವೂ ಕುರಿಗಳನ್ನು ನೋಡಿಕೊಳ್ಳುವ ಕೆಲಸ ಒಪ್ಪಿಸಿದನು. ಆರಾಧನೆ ಮುಗಿಯುವವರೆಗೂ ನನಗೆ ಬೇರೇನೂ ಕೇಳಿಸಲಿಲ್ಲ. ನಾನಾದರೋ ಆರು ವರ್ಷ ಮೊದಲನೆಯ ಬೆಂಕಿಯ ಬಳಿಯೇ ಕುಳಿತಿದ್ದೆ, ಅದೂ ಯಾರಿಗೂ ಪ್ರಯೋಜನವಿಲ್ಲದೆ.

ಅದೇ ಸಂಜೆ ತಮ್ಮನ ಮನೆಗೆ ಹೋದೆ. ಅವನ ಹೆಂಡತಿ ಬಂಗುಡೆ ಸ್ವಚ್ಛ ಮಾಡುತ್ತಿದ್ದಳು. ಇಷ್ಟು ವರ್ಷ ಬಾಯಲ್ಲೇ ಉಳಿದಿದ್ದನ್ನು ತಡವರಿಸುತ್ತ ಹೇಳಿ ಮುಗಿಸಿದೆ. ಅವಳು ತಲೆ ಎತ್ತದೆ ಇನ್ನೆರಡು ಮೀನು ಸೀಳಿದಳು.

"ಅವರಿಗೆ ಬಹಳ ನೋವಾಗಿತ್ತು, ಭಾವ. ಇಲ್ಲ ಎಂದು ಹೇಳುವುದಿಲ್ಲ," ಎಂದಳು. ಮತ್ತೆ ಕೈ ತೊಳೆದುಕೊಂಡು, "ಹುಡುಗಿಯ ಕಾಲೇಜಿನ ಅರ್ಜಿ ತುಂಬಿಸಲಿಕ್ಕೆ ಇದೆ. ನನಗೆ ಗೊತ್ತಾಗುವುದಿಲ್ಲ, ನೀವು ಸ್ವಲ್ಪ ನೋಡಿ," ಎಂದಳು.

ಮಗಳು ಅರ್ಜಿಯನ್ನೂ ಪೆನ್ನನ್ನೂ ತಂದು ಮುಂದಿಟ್ಟಳು. ಕನ್ನಡಕ ಮನೆಯಲ್ಲೇ ಉಳಿದಿತ್ತು. ಒಂದೊಂದು ಸಾಲನ್ನೂ ಅವಳೇ ಓದಿ ಹೇಳಿದಳು. ಕೊನೆಯ ಪುಟಕ್ಕೆ ಬಂದಾಗ, "ಇಲ್ಲಿ ಪೋಷಕರ ಸಹಿ, ದೊಡ್ಡಪ್ಪ," ಎಂದು ಬೆರಳಿಟ್ಟು ತೋರಿಸಿದಳು.