ಪದ್ಮಿನಿಯ ಹೊಟ್ಟೆಯಲ್ಲಿ ಶಹಾಬಾದ್ ಕಲ್ಲು

ಎಂಜಿನ್ ಕಾವು ತೋರಿಸುವ ಮುಳ್ಳು 85 ಡಿಗ್ರಿ ಹತ್ತಿರವೇ ನಿಂತಿತ್ತು. ಕಲಬುರಗಿಯಿಂದ ಜೇವರ್ಗಿ, ಅಲ್ಲಿಂದ ವಾಪಸ್, ಅದೂ ಏಪ್ರಿಲ್ ಮಧ್ಯಾಹ್ನ. ನಾಲ್ಕು ತಿಂಗಳಿಂದ ಇದಕ್ಕಾಗಿ ಕಾದಿದ್ದೆ. ಈಗ ರಾತ್ರಿ ಹನ್ನೊಂದು ಗಂಟೆ. ಉಗುರಲ್ಲಿ ಇನ್ನೂ ಗ್ರೀಸ್ ಇದೆ. ಆದರೂ ಇವತ್ತೇ ಬರೆದಿಡ್ತೀನಿ, ನಾಳೆಗೆ ಅರ್ಧ ಮರೆತುಹೋಗುತ್ತೆ.

ಗಾಡಿ ನಮ್ಮ ಕಾಕಾನ 1989ರ ಪ್ರೀಮಿಯರ್ ಪದ್ಮಿನಿ. ಬ್ರೇಕ್, ಕಾರ್ಬುರೇಟರ್, ವೈರಿಂಗ್ ಎಲ್ಲ ಮುಗಿದಿದೆ, ಅದರ ಕಥೆ ಬೇಡ. ಉಳಿದಿದ್ದು ಈ ಕಾವಿನ ಕಾಟ ಒಂದೇ.

ಕಾಟವೂ ವಿಚಿತ್ರ. ಅಂಗಳದಲ್ಲಿ ಅರ್ಧ ಗಂಟೆ ಚಾಲೂ ಇಟ್ಟರೂ ಏನೂ ಆಗಲ್ಲ. ಸೂಪರ್ ಮಾರ್ಕೆಟ್ ರಸ್ತೆಯ ಗದ್ದಲದಲ್ಲಿ ಫಸ್ಟ್ ಗೇರಲ್ಲಿ ತೆವಳಿದರೂ ಆರಾಮ. ಜೇವರ್ಗಿ ರೋಡಿಗೆ ಬಿದ್ದು 60 ದಾಟಿಸಿದರೆ ಮಾತ್ರ ಫರಹತಾಬಾದ್ ಬರೋ ಹೊತ್ತಿಗೆ ಮುಳ್ಳು 105! ಪಕ್ಕಕ್ಕೆ ಹಾಕಿ, ಎಂಜಿನ್ ಬಂದ್ ಮಾಡದೆ ಐಡಲ್‌ನಲ್ಲಿ ಬಿಟ್ಟರೆ ನಿಧಾನಕ್ಕೆ ಇಳಿಯುತ್ತೆ. ಬಾನೆಟ್ ಎತ್ತಿ ನೋಡಿದರೆ ಎಲ್ಲವೂ ಸರಿ. ಹಲ್ಲುನೋವು ಡಾಕ್ಟರ್ ಮುಂದೆ ಕೂತಾಗಲೇ ಮಾಯ ಆಗುತ್ತಲ್ಲ, ಹಾಗೆ.

ಗದ್ದಲದಲ್ಲಿ ಕಾದರೆ ಮೊದಲು ಫ್ಯಾನ್, ಬೆಲ್ಟ್ ನೋಡಬೇಕು, ಅಂದರೆ ಗಾಳಿಯ ಕಡೆ. ಓಡುವಾಗ ಗಾಳಿ ತಾನಾಗೇ ಬೀಸುತ್ತೆ. ಆಗ ಕಾದರೆ ಎಂಜಿನ್‌ಗೂ ರೇಡಿಯೇಟರ್‌ಗೂ (ನೀರು ತಣಿಸುವ ಮುಂದಿನ ಜಾಲರಿ) ನಡುವೆ ಸುತ್ತುವ ನೀರಿನ ಹರಿವಿನ ಮೇಲೇ ಅನುಮಾನ. ಇಷ್ಟು ಮೊದಲ ದಿನವೇ ಗೊತ್ತಿತ್ತು. ನೀರು ಎಲ್ಲಿ ನಿಲ್ಲುತ್ತಿದೆ ಅನ್ನೋದು ತಿಳಿಯಲು ನಾಲ್ಕು ತಿಂಗಳು ಬೇಕಾಯ್ತು.

ಗ್ಯಾರೇಜಿನ ಉಸ್ತಾದ್ ನೋಡಿದ ಕೂಡಲೇ ಹೇಳಿದರು: "ಥರ್ಮೋಸ್ಟಾಟ್ ತೆಗೆದು ಒಗೀರಿ ಸರ. ನಮ್ ಕಡಿ ಬಿಸಿಲಿಗಿ ಅದು ಯಾಕ ಬೇಕ್ರಿ?" ಅವರ ಕೈಗುಣದ ಮೇಲೆ ನನಗೆ ಭಾಳ ಗೌರವ. ಈ ಮಾತು ಮಾತ್ರ ಒಪ್ಪಲ್ಲ. ಎಂಜಿನ್ ಕಾಯುವವರೆಗೆ ನೀರನ್ನ ರೇಡಿಯೇಟರ್‌ಗೆ ಬಿಡದೆ ತಡೆಯೋ ವಾಲ್ವ್ ಅದು. ಅದನ್ನ ತೆಗೆದರೆ ಬೆಳಗಿನ ಹೊತ್ತು ಎಂಜಿನ್ ಸರಿಯಾಗಿ ಕಾಯೋದೇ ಇಲ್ಲ, ಪೆಟ್ರೋಲ್ ಜಾಸ್ತಿ ಕುಡಿಯುತ್ತೆ, ಒಳಗೆ ಸವೆತವೂ ಜಾಸ್ತಿ. ಸ್ಟೀಲ್ ಪಾತ್ರೆಯಲ್ಲಿ ನೀರು ಹಾಕಿ, ಥರ್ಮೋಸ್ಟಾಟನ್ನು ದಾರಕ್ಕೆ ಕಟ್ಟಿ ಇಳಿಬಿಟ್ಟು, ಜೊತೆಗೆ ಥರ್ಮಾಮೀಟರ್ ಇಟ್ಟು ಕಾಯಿಸಿದೆ. 82ಕ್ಕೆ ಬಾಯಿ ತೆರೆಯಿತು, 95ರ ಒಳಗೆ ಪೂರ್ತಿ ತೆರೆದಿತ್ತು. ಅದರ ತಪ್ಪಿಲ್ಲ, ವಾಪಸ್ ಕೂರಿಸಿದೆ.

ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕಿಗೂ ಅದರ ಮೇಲಿನ ಹೆಡ್‌ಗೂ ನಡುವಿನ ಸೀಲ್) ಬಗ್ಗೆ ನಿಜವಾಗಲೂ ಹೆದರಿದ್ದೆ. ಈ ಎಂಜಿನ್‌ಗೆ ಅಲ್ಯೂಮಿನಿಯಂ ಹೆಡ್. ಒಂದೆರಡು ಸಲ ಜೋರಾಗಿ ಕಾದರೆ ಸೊಟ್ಟ ಆಗಿಬಿಡುತ್ತೆ. ಗ್ಯಾಸ್ಕೆಟ್ ಹೋಗಿದ್ದರೆ ಕಾಣುವ ಗುರುತು ಯಾವುದೂ ಇರಲಿಲ್ಲ: ರೇಡಿಯೇಟರ್ ಬಾಯಲ್ಲಿ ಗುಳ್ಳೆ ಇಲ್ಲ, ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿಲ್ಲ, ಸೈಲೆನ್ಸರ್‌ನಲ್ಲಿ ಬಿಳಿ ಹೊಗೆ ಇಲ್ಲ. ಉಸಿರು ಬಿಟ್ಟೆ. ಟೈಮಿಂಗ್ (ಕಿಡಿ ಹೊತ್ತುವ ಸಮಯ) ಸರಿ. ನೀರಿನ ಪಂಪ್ ಬಿಚ್ಚಿದರೆ ರೆಕ್ಕೆಗಳೂ ಚೆನ್ನಾಗಿವೆ. ತಪ್ಪು ಸಿಕ್ಕಿದ್ದು ರೇಡಿಯೇಟರ್ ಕ್ಯಾಪಿನಲ್ಲಿ ಮಾತ್ರ, ಅದರ ರಬ್ಬರ್ ಒಣಗಿ ಬಿರುಕು ಬಿಟ್ಟಿತ್ತು. ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಮೇಲಿದೆ. ಇಲ್ಲಿ ತೆರೆದ ಪಾತ್ರೆಯ ನೀರು 98 ಡಿಗ್ರಿ ದಾಟುತ್ತಿದ್ದಂತೆ ಕುದಿಯುತ್ತೆ. ಒತ್ತಡ ಹಿಡಿದಿಟ್ಟು ಆ ಗಡಿಯನ್ನ ಮೇಲೆ ತಳ್ಳೋದೇ ಕ್ಯಾಪ್ ಕೆಲಸ. ಹೊಸದು ಹಾಕಿದ ಮೇಲೆ ನೀರು ಉಕ್ಕೋದು ನಿಂತಿತು. ಮುಳ್ಳು ಏರೋದು ನಿಲ್ಲಲಿಲ್ಲ.

ಆಮೇಲೆ ಇನ್ಫ್ರಾರೆಡ್ ಥರ್ಮಾಮೀಟರ್ ತಂದೆ. ಬಳಸೋರಿಗೆ ಒಂದು ಮಾತು. ಹೊಳೆಯುವ ಹಿತ್ತಾಳೆ ಮೇಲೆ ಅದು ಸುಳ್ಳು ಹೇಳುತ್ತೆ, ಭಾಳ ಕಡಿಮೆ ತೋರಿಸುತ್ತೆ. ರಬ್ಬರ್ ಹೋಸ್ ಮೇಲೆ ಹಿಡಿಯಿರಿ, ಇಲ್ಲಾಂದ್ರೆ ಕಪ್ಪು ಟೇಪ್ ಅಂಟಿಸಿ ಅದರ ಮೇಲೆ ಹಿಡಿಯಿರಿ. ಪಕ್ಕದ ಮನೆ ಹುಡುಗ ಆಕ್ಸಿಲರೇಟರ್ ಒತ್ತಿ ಹಿಡಿದ. ಎಂಜಿನ್‌ನಿಂದ ರೇಡಿಯೇಟರ್‌ಗೆ ಬಿಸಿನೀರು ತರುವ ಮೇಲಿನ ಹೋಸ್ 101, ತಣಿದದ್ದನ್ನ ವಾಪಸ್ ಒಯ್ಯುವ ಕೆಳಗಿನದು 64! ಅಂದರೆ ರೇಡಿಯೇಟರ್‌ಗೆ ಬಂದ ನೀರು ಚೆನ್ನಾಗೇ ತಣಿಯುತ್ತಿದೆ. ಆದರೆ ಬರೋದೇ ಕಡಿಮೆ.

ಟಾರ್ಚ್ ಹಿಡಿದು ಗಾಡಿ ಕೆಳಗೆ ಮಲಗಿದೆ. "ಇನ್ನೂ ಒತ್ತೋ" ಅಂದೆ. ಎಂಜಿನ್ ಏರುತ್ತಿದ್ದ ಹಾಗೇ ಕೆಳಗಿನ ಹೋಸ್ ಒಳಕ್ಕೆ ಹೋಯ್ತು, ಹೀರಿದ ಮಾವಿನಹಣ್ಣಿನ ಸಿಪ್ಪೆ ಥರ ಚಪ್ಪಟೆ. ಕಾಲು ತೆಗೆದ ಕೂಡಲೇ ಮತ್ತೆ ದುಂಡಗೆ. ನಾನು ಕೆಳಗಿಂದಲೇ ಕೂಗಿದೆ. ಹುಡುಗ ಹೆದರಿ ಕೀ ತಿರುಗಿಸಿ ಬಂದ್ ಮಾಡಿದ.

ಪಂಪ್ ನೀರು ಎಳೆಯೋದು ಆ ಹೋಸಿನಿಂದಲೇ. ವೇಗ ಜಾಸ್ತಿ ಆದಷ್ಟೂ ಎಳೆತ ಜಾಸ್ತಿ. ಮೆತ್ತಗಾದ ಹೋಸ್ ಆ ಎಳೆತಕ್ಕೆ ಮುಚ್ಚಿಕೊಳ್ಳುತ್ತೆ. ಗಾಡಿ ನಿಲ್ಲಿಸಿ ಬಾನೆಟ್ ಎತ್ತುವಷ್ಟರಲ್ಲಿ ತೆರೆದುಕೊಂಡಿರುತ್ತೆ. ಎಂಜಿನ್ ಆರಿದ ಮೇಲೆ ಮೇಲಿನ ಹೋಸ್ ಚಪ್ಪಟೆ ಆಗೋದು ಬೇರೆ ರೋಗ, ಅದು ಕ್ಯಾಪಿನ ಒಳಗಿನ ಚಿಕ್ಕ ವಾಲ್ವ್ ಸಿಕ್ಕಿಕೊಂಡಿದ್ದಕ್ಕೆ. ಎರಡನ್ನೂ ಕಲಸಬೇಡಿ.

ಹೊಸ ಹೋಸ್ ತರಿಸೋದು ಇನ್ನೊಂದು ಗೋಳು. ಮುಂಬೈಯಲ್ಲಿ ಪದ್ಮಿನಿ ಟ್ಯಾಕ್ಸಿ ಓಡುವಷ್ಟು ದಿನ ಸಾಮಾನಿಗೆ ಬರ ಇರಲಿಲ್ಲ. 2023ರ ಅಕ್ಟೋಬರ್‌ನಲ್ಲಿ ಕೊನೆಯ ಟ್ಯಾಕ್ಸಿಯೂ ರಸ್ತೆ ಬಿಟ್ಟಿತು. ಅಂಗಡಿಯವರು ಮೊದಲು ಯಾವುದೋ ಡೀಸೆಲ್ ಗಾಡಿದು ಕಳಿಸಿದರು. ವಾಪಸ್ ಮಾಡಿದರೆ ಎರಡನೇ ಸಲವೂ ಅದೇ ಬಂತು, ಡಬ್ಬಿ ಮಾತ್ರ ಬೇರೆ. ಮೂರನೇ ಸಲ ಬಂದದ್ದು ಅಳತೆಗೆ ಸರಿ, ಆದರೆ ಒಳಗೆ ದಾರದ ನೇಯ್ಗೆ ಇಲ್ಲ, ಬರೀ ರಬ್ಬರ್. ದುಡ್ಡಿಗಿಂತ ಹೋದ ಐದು ವಾರಕ್ಕೆ ಹೊಟ್ಟೆ ಉರಿಯಿತು. ಕೊನೆಗೆ ಇಲ್ಲೇ ಗಂಜ್ ಹತ್ತಿರ ಮೀಟರ್ ಲೆಕ್ಕದಲ್ಲಿ ಮಾರುವ ನೇಯ್ಗೆ ಇರುವ ಹೋಸ್ ಸಿಕ್ಕಿತು. ಕತ್ತರಿಸಿ ಕೂರಿಸಿದೆ.

ಈಗ ಚಪ್ಪಟೆ ಆಗಲ್ಲ. ಆದರೂ ಫರಹತಾಬಾದ್ ಹತ್ತಿರ 98. ಆ ಸಂಜೆ ಊಟವೇ ರುಚಿಸಲಿಲ್ಲ.

(ಆ ವಾರ ಪದ್ಮಿನಿ ಮುಟ್ಟಲಿಲ್ಲ. ಚಿಂಚೋಳಿಯಲ್ಲಿ ನಮ್ಮ ಮಾಮಾನ ಮನೆ ಹಿತ್ತಲಲ್ಲಿ ಹಳೇ ಟೂ ಸ್ಟ್ರೋಕ್ ಬಜಾಜ್ ಚೇತಕ್ ಇದೆ. ಅದನ್ನ ಹೋಗಿ ನೋಡಿ ಬಂದೆ. ಫ್ಲೈವ್ಹೀಲ್ ಫ್ಯಾನ್ ಗಾಳಿ ಊದುತ್ತೆ, ಸಿಲಿಂಡರ್ ತಣ್ಣಗಾಗುತ್ತೆ. ನೀರಿಲ್ಲ, ಹೋಸಿಲ್ಲ, ಕ್ಯಾಪಿಲ್ಲ. ಮಾಮಾ "ತಗೊಂಡ್ ಹೋಗಪಾ" ಅಂದಿದ್ದಾರೆ. ಮಳೆಗಾಲಕ್ಕೆ ಅದೇ ಕೆಲಸ.)

ವಾಪಸ್ ಬಂದು ಕೂತು ಯೋಚಿಸಿದೆ. ಹೋಸ್ ಹಳೇದು, ನಿಜ. ಆದರೆ ಪಂಪ್ ಅಷ್ಟು ಜೋರಾಗಿ ಎಳೆದದ್ದು ಯಾಕೆ? ಹಿಂದಿನಿಂದ ನೀರು ಸಾಕಷ್ಟು ಬರದಿದ್ದಕ್ಕೆ. ಹಿಂದೆ ಇರೋದು ರೇಡಿಯೇಟರ್. ಥರ್ಮಾಮೀಟರ್ ಹಿಡಿದು ಅದರ ಮುಖದ ಮೇಲೆ ಇಂಚಿಂಚು ನೋಡಿದೆ. ಬಲಗಡೆ ಕೆಳಭಾಗ ಪೂರ್ತಿ ತಣ್ಣಗೆ. ಅಲ್ಲಿನ ನಳಿಗೆಗಳಲ್ಲಿ ನೀರೇ ಹರಿಯುತ್ತಿಲ್ಲ.

ರೇಡಿಯೇಟರ್ ಬಿಚ್ಚಿ, ಅದನ್ನ ರಿಪೇರಿ ಮಾಡುವ ಚಾಚಾ ಹತ್ತಿರ ಒಯ್ದೆ. ಅವರು ಅದನ್ನ ತುಂಬಿಸಿ ಕೆಳಗಿನ ಬಾಯಿ ಬಿಟ್ಟರು. ಧಡಧಡ ಸುರಿಯಬೇಕಾದ ನೀರು ಸಣ್ಣ ನಲ್ಲಿ ಥರ ಇಳಿಯಿತು. "ಬಂದ್ ಆಗ್ಯಾದ ಬೇಟಾ" ಅಂದರು. ತಾಮ್ರ ಹಿತ್ತಾಳೆಯ ರೇಡಿಯೇಟರ್ ಆಗಿರೋದೇ ಪುಣ್ಯ. ಬೆಸುಗೆ ಕರಗಿಸಿ ಮೇಲಿನ ಟ್ಯಾಂಕ್ ಎತ್ತಿದರು. ಒಂದೊಂದೇ ನಳಿಗೆಗೆ ತೆಳ್ಳನೆ ಉಕ್ಕಿನ ಪಟ್ಟಿ ತೂರಿಸಿ ಎಳೆದರು. ಮೂರು ಗಂಟೆ ತಲೆ ಎತ್ತದೆ ಮಾಡಿದರು. ಅವರ ಕೈಚಳಕ ನೋಡುತ್ತಾ ನಾನು ಚಹಾ ಆರಿದ್ದನ್ನೂ ಮರೆತೆ. ಈ ಕೆಲಸ ಬಲ್ಲವರು ಊರಲ್ಲಿ ಇನ್ನೂ ಇದ್ದಾರಲ್ಲ, ಅದೇ ದೊಡ್ಡದು.

ಒಳಗಿಂದ ಬಿಳಿ ಹಕ್ಕಳೆ ಬಂತು, ಮುಷ್ಟಿ ತುಂಬ. ಮನೆಗೆ ತಂದು ಒಂದರ ಮೇಲೆ ನಿಂಬೆರಸ ಹಿಂಡಿದೆ. ಬುಸುಬುಸು ನೊರೆ! ನಮ್ಮ ನೆಲದ ಶಹಾಬಾದ್ ಕಲ್ಲಿನ ಮೇಲೆ ನಿಂಬೆಹುಳಿ ಬಿದ್ದರೆ ಕಲೆ ಆಗುತ್ತೆ ಅಂತ ಅವ್ವ ಬೈಯ್ತಾಳಲ್ಲ, ಅದೇ ಗುಣ. ಆಗ ಹೊಳೆಯಿತು. ಕಾಕಾ ಹದಿನಾಲ್ಕು ವರ್ಷ ವಾಡಿಯಲ್ಲಿದ್ದರು. ಕಾಲಡಿಯೆಲ್ಲ ಸುಣ್ಣದಕಲ್ಲು ಇರುವ ಊರು, ಸಿಮೆಂಟ್ ಕಾರ್ಖಾನೆ ಬಂದದ್ದೂ ಅದಕ್ಕೇ. ಗಾಡಿಗೆ ಹಾಕುತ್ತಿದ್ದದ್ದು ಅಲ್ಲಿನ ಬೋರ್ ನೀರು. ಆ ನೀರಲ್ಲಿ ಕ್ಯಾಲ್ಸಿಯಂ ಬೈಕಾರ್ಬೋನೇಟ್ ಕರಗಿರುತ್ತೆ. ಕಾದಾಗ ಅದು ಕ್ಯಾಲ್ಸಿಯಂ ಕಾರ್ಬೋನೇಟ್ ಆಗಿ ಗಟ್ಟಿ ಕೂರುತ್ತೆ, ನೀರು ಕಾಯಿಸೋ ಹಂಡೆಯ ತಳದ ಹಾಗೆ. ಒಮ್ಮೆ ತುಂಬಿಸಿ ಬಿಟ್ಟಿದ್ದರೆ ಇಷ್ಟು ಕೂರುತ್ತಿರಲಿಲ್ಲ. ಕ್ಯಾಪ್ ಕೆಟ್ಟು ನೀರು ಹೋಗುತ್ತಿತ್ತು, ಕಾಕಾ ದಿನಾ ತುಂಬಿಸುತ್ತಿದ್ದರು. ದಿನಾ ಒಂದು ಚಿಟಿಕೆ ಕಲ್ಲು ಒಳಗೆ ಹೋಗುತ್ತಿತ್ತು.

ಈಗ ಡಿಸ್ಟಿಲ್ಡ್ ವಾಟರ್, ಮೂರನೇ ಒಂದು ಭಾಗ ಕೂಲಂಟ್. ನಮ್ಮಲ್ಲಿ ಹಿಮ ಬೀಳಲ್ಲ, ಅರ್ಧಕ್ಕರ್ಧ ಬೇಕಿಲ್ಲ. ಕೂಲಂಟಿನಲ್ಲಿರೋ ಗ್ಲೈಕಾಲ್‌ಗಿಂತ ನೀರೇ ಕಾವನ್ನ ಚೆನ್ನಾಗಿ ಒಯ್ಯುತ್ತೆ. ತುಕ್ಕು ತಡೆಯೋಕೆ ಇಷ್ಟು ಸಾಕು.

ಇವತ್ತು ಕಾಕಾನೂ ಬಂದಿದ್ದರು. ಕಟ್ಟಿಸಂಗಾವಿ ಸೇತುವೆ ಮೇಲೆ ಭೀಮಾ ನದಿ ದಾಟುವಾಗ ಬಗ್ಗಿ ಮುಳ್ಳು ನೋಡಿ, "ಮೀಟರ್ ಕೆಟ್ಟದೇನೋ?" ಅಂತ ಕೇಳಿದರು. ಮೇಲಿನ ಹೋಸ್ 86, ಕೆಳಗಿನದು 76, ಜೇವರ್ಗಿಯಲ್ಲಿ ನಿಲ್ಲಿಸಿ ಐಡಲ್‌ನಲ್ಲೇ ತೋರಿಸಿದೆ. ವಾಪಸ್ ಬರುವಾಗ ಅವರೇ ಓಡಿಸಿದರು.

ಈಗ ಉಳಿದಿದ್ದು ಎಂಜಿನ್‌ಗೆ ಪೆಟ್ರೋಲ್ ಎಳೆದು ಕೊಡುವ ಪಂಪ್. ಚಹಾಕ್ಕೆ ನಿಲ್ಲಿಸಿ ಮತ್ತೆ ಶುರು ಮಾಡುವಾಗ ವೇಪರ್ ಲಾಕ್ ಆಯ್ತು, ಅಂದರೆ ಕಾವಿಗೆ ಪೆಟ್ರೋಲ್ ಆವಿಯಾಗಿ ಹರಿವು ನಿಂತಿತು. ಪಂಪಿಗೆ ಒದ್ದೆ ಬಟ್ಟೆ ಸುತ್ತಿದ ಮೇಲೆ ಹೊರಟಿತು. ಮುಂದಿನ ಭಾನುವಾರ ಪಂಪಿಗೂ ಎಂಜಿನ್‌ಗೂ ನಡುವೆ ಕಾವು ತಡೆಯೋಕೆ ದಪ್ಪ ಗ್ಯಾಸ್ಕೆಟ್ ಹಾಕಿ ನೋಡ್ತೀನಿ.